ಗೋಡೆಯಾಚೆಯ ಬ್ಯಾಂಡು

ಹಾಡಿನ ರುಚಿ ಒಂದೇ ಆದರೆ ಮನಸ್ಸುಗಳೂ ಒಂದಾಗುತ್ತವೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವ ಬೇರೆ. ನನಗೆ ಗಜಲ್ ಎಂದರೆ ಜೀವ. ಉರ್ದು ಅರ್ಥವಾಗುವುದಿಲ್ಲ, ಅದು ಬೇರೆ ಮಾತು. ಘೋಡಗೇರಿಯಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಶಾಂತಾಗೆ ಭಜನಾ ಪದಗಳೇ ಬೇಕು, ಅದೂ ತಾಳದ ಸಪ್ಪಳ ಓಣಿಗೆಲ್ಲ ಕೇಳಬೇಕು. ಮದುವೆಯಾದ ಹೊಸದರಲ್ಲಿ ಒಂದು ರಾಜಿ ಮಾಡಿಕೊಂಡೆವು. ಆಗೆಲ್ಲ ಪಟ್ಟಿ ಬರೆದುಕೊಟ್ಟರೆ ಗೋಕಾಕದ ಕ್ಯಾಸೆಟ್ ಅಂಗಡಿಯಲ್ಲಿ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಒಂದು ಮಗ್ಗುಲು ನನ್ನದು, ಇನ್ನೊಂದು ಅವಳದು. ಬೆಳಿಗ್ಗೆ ನನ್ನ ಮಗ್ಗುಲು ಹಚ್ಚಿ ಸ್ನಾನಕ್ಕೆ ಹೋದರೆ, ಮೈಗೆ ನೀರು ಬೀಳುವಷ್ಟರಲ್ಲಿ ಅವಳು ಕ್ಯಾಸೆಟ್ ಮಗುಚಿರುತ್ತಿದ್ದಳು. "ಮುಂಜಾನೆದ್ದು ಆ ಅಳೂ ಹಾಡ ಯಾಕ್ರಿ? ಮನ್ಯಾಗ ಯಾರರ ಸತ್ತಾರೇನು?" ಎನ್ನುವಳು. ಉಳಿದ ಗಜಲನ್ನು ನಾನೇ ಬಚ್ಚಲಲ್ಲಿ ಹಾಡಿ ಮುಗಿಸುತ್ತಿದ್ದೆ. ಆಮೇಲೆ ಸಂಜೆಯವರೆಗೆ ಮಾತು ಬಂದ್.

ನಮ್ಮ ಸಂಸಾರ ಉಳಿಸಿದವರು ಪಾರೀಸ ಮಾಸ್ತರರು. ಹುಕ್ಕೇರಿಯ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಸಾಲೆಯಲ್ಲಿ ಗಣಿತ ಕಲಿಸುವ, ನಗುವುದನ್ನು ಎಂದೋ ಮರೆತಿದ್ದ ಈ ಮನುಷ್ಯನಿಗೆ ಮದುವೆ ಬ್ಯಾಂಡಿನ ಕ್ಯಾಸೆಟ್ಟಿನ ಹುಚ್ಚು. ಅವರು ಬಾಜೂ ಮನೆಗೆ ಬಂದ ಮರುದಿನವೇ, ಸರಿಯಾಗಿ ನಾನು ಸ್ನಾನಕ್ಕೆ ಹೋದ ಹೊತ್ತಿಗೆ, ಗೋಡೆಯಾಚೆ ಮೆರವಣಿಗೆ ಹೊರಟಿತು. ಮದುಮಗ ಒಬ್ಬ ಬರುವುದು ಬಾಕಿ. ಹಿಟ್ಟು ಮೆತ್ತಿದ ಕೈಯಲ್ಲೇ ಶಾಂತಾ ಬಚ್ಚಲ ಬಾಗಿಲಿಗೆ ಬಂದು, "ನಿಮ್ಮ ಅಳೂ ಹಾಡನರ ಹಚ್ಲೇನ್ರಿ? ಅದನ್ನ ಮುಚ್ಚಿಸಿದ್ರ ಸಾಕಾಗೇತಿ" ಎಂದಳು. ನನಗೆ ಕಣ್ಣು ತುಂಬಿ ಬಂತು. "ಬ್ಯಾಡ, ನಿನ್ನ ಭಜನೀನ ಹಚ್ಚು. ಅದ ಜೋರ ಐತಿ" ಎಂದೆ. ಹೀಗೆ ಮೂರು ವರ್ಷ ಇಬ್ಬರೂ ಜೋಡಿಯಾಗಿ ಚಹಾ ಕುಡಿಯುತ್ತ, ಜೋಡಿಯಾಗಿ ಮಾಸ್ತರರನ್ನು ಬೈಯುತ್ತ ಸುಖವಾಗಿದ್ದೆವು. ಓಣಿಯ ಹಿರಿಯರು ಹೊಸದಾಗಿ ಮದುವೆಯಾದವರಿಗೆ ನಮ್ಮನ್ನೇ ತೋರಿಸುತ್ತಿದ್ದರು.

ಆಮೇಲೆ ಮಾಸ್ತರರಿಗೆ ಮೂಡಲಗಿಗೆ ವರ್ಗವಾಯಿತು. ಆ ದಿನ ಪೇಢೆ ತಂದು ತಿಂದೆವು. ವಾರ ಕಳೆಯುವುದರೊಳಗೆ ಕ್ಯಾಸೆಟ್ ಮಗುಚುವ ಯುದ್ಧ ಮತ್ತೆ ಶುರು. ಮೂರನೆಯ ವಾರಕ್ಕೆ ಶಾಂತಾ ಬೈಯುವುದನ್ನೂ ಬಿಟ್ಟಳು. ಹೆಂಡತಿ ಬೈದರೆ ತಡೆದುಕೊಳ್ಳಬಹುದು. ಬೈಯದಿದ್ದರೆ ಎದೆ ನಡುಗುತ್ತದೆ. ಒಂದು ಶನಿವಾರ ಚೀಲಕ್ಕೆ ಸೀರೆ ತುಂಬುತ್ತ, "ಸೋಮಾರ ಹೋಗಿ, ಒಂದ ತಿಂಗಳ ಘೋಡಗೇರ್ಯಾಗ ಇದ್ದ ಬರ್ತೇನಿ" ಎಂದಳು. ತಿಂಗಳು ಎನ್ನುವಾಗ ನನ್ನ ಮುಖ ನೋಡಲಿಲ್ಲ. ನಿಜಕ್ಕೂ ಹೆದರಿದೆ. ಭಾನುವಾರ ಬೆಳಿಗ್ಗೆಯೇ ನಮ್ಮ ಕ್ಯಾಸೆಟ್ ಕಿಸೆಗೆ ಹಾಕಿಕೊಂಡು ಮೂಡಲಗಿ ಬಸ್ಸು ಹತ್ತಿದೆ.

ಮಾಸ್ತರರ ಮನೆ ಗಪ್ಪಾಗಿತ್ತು. ನಾಚಿಕೆ ಬಿಟ್ಟು ಎಲ್ಲ ಹೇಳಿ, "ನಿಮ್ಮ ಬ್ಯಾಂಡಿನ ಕ್ಯಾಸೆಟ್ ಒಂದೀಟ ದಿನ ಕಡಾ ಕೊಡ್ತೀರೇನ್ರಿ?" ಎಂದೆ. ಅವರು ನನ್ನ ಕೈ ಹಿಡಿದುಕೊಂಡು, ಒಳಗಿದ್ದ ಹೆಂಡತಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು.

"ನಮ್ದೂ ಅದ ಕತಿ ಐತ್ರಿ. ನಮ್ಮಾಕಿಗೆ ಬ್ಯಾಂಡ ಅಂದ್ರ ಆಗಂಗಿಲ್ಲ. ಆದ್ರ ಅಲ್ಲಿ ಇದ್ದಾಗ, ಮುಂಜಾನೆ ನಿಮ್ಮ ಮನ್ಯಾಗ ಅದು ಸುರು ಆತಂದ್ರ, ಆಕೀನ ಓಡಿ ಬಂದು 'ಲಗೂ ಬ್ಯಾಂಡ ಹಚ್ಚರಿ' ಅಂತಿದ್ಲು. ಇಲ್ಲಿ ಬಂದ ಮ್ಯಾಲ ಇಬ್ಬರಿಗೂ ಮಾತಿಲ್ಲ."

ನನಗೆ ಉತ್ಸಾಹ ಉಕ್ಕಿತು. ಕಿಸೆಯಿಂದ ಕ್ಯಾಸೆಟ್ ತೆಗೆದು, "ತಗೋರಿ, ಎರಡೂ ಅದಾವು. ಗಜಲ್ ಬೇಕೋ, ಭಜನೀನೋ?" ಎಂದೆ.

"ಅವೇನ್ರಿ, ಎರಡೂ ಚಲೋನ ಇದ್ದೂ," ಎಂದರು ಮಾಸ್ತರರು, ಬಹಳ ಸಂಕೋಚದಿಂದ. "ಬಚ್ಚಲದಾಗ ನೀವ ಹಾಡತಿದ್ರಲ್ರಿ, ಅದರ ಕ್ಯಾಸೆಟ್ ಏನರ ಐತೇನು?"

ಬ್ಯಾಂಡಿನ ಕ್ಯಾಸೆಟ್ಟಿನೊಂದಿಗೆ ಮನೆಗೆ ಬಂದು ಶಾಂತಾಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವಳು ನಕ್ಕಳು. ಗೋಡೆಗೆ ಆತುಕೊಂಡು, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಚೀಲದೊಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಡತೊಡಗಿದಳು. ನನಗೆ ಸಂತೋಷವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

"ನಾ ಅಷ್ಟ ಕೆಟ್ಟ ಹಾಡ್ತೇನೇನ?" ಎಂದೆ.

ಶಾಂತಾ ಕಣ್ಣೊರೆಸಿಕೊಂಡು, "ಅವರ ಪುಣ್ಯಾ ರೀ," ಎಂದಳು, "ಮೂರ ವರ್ಷಕ್ಕ ಬಿಡುಗಡಿ ಆದ್ರು."