ನಮ್ಮ ಷಡ್ಡಕರ ಫ್ಲಾಸ್ಕು

ದಾವಣಗೆರೆಯಲ್ಲಿ ನಮ್ಮ ಷಡ್ಡಕರಷ್ಟು ಹೆಸರುವಾಸಿ ಕುಡುಕರು ಇನ್ನೊಬ್ಬರಿಲ್ಲ. ಜೀವಮಾನದಲ್ಲಿ ಒಂದು ಹನಿ ಮುಟ್ಟದೆ ಈ ಬಿರುದು ಸಂಪಾದಿಸುವುದೆಂದರೆ ಹುಡುಗಾಟವೇ! ನನ್ನ ಹೆಂಡತಿಯ ಅಕ್ಕನ ಗಂಡನಾದ ಇವರು ಹತ್ತು ವರ್ಷ ನನ್ನನ್ನೂ ಏಮಾರಿಸಿದ್ದರು.

ಮೊದಮೊದಲು ಪ್ರಾಮಾಣಿಕರಾಗಿಯೇ ಇದ್ದರು, ಪಾಪ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಲೇತ್ ವರ್ಕ್‌ಶಾಪಿದೆ. ನಾನೂ ಸೇರಿ ಅಕ್ಕಪಕ್ಕದ ಶೆಡ್ಡಿನವರೆಲ್ಲ ಭಾನುವಾರ ಮಧ್ಯಾಹ್ನ ಆವರಗೆರೆಯ ಒಂದು ತೆಂಗಿನ ತೋಟದಲ್ಲಿ ಸೇರುತ್ತೇವೆ. 'ಮಾಂಸ ತಿನ್ನುವುದಿಲ್ಲ' ಅಂದರೆ ನಮ್ಮಲ್ಲಿ ಕೈ ಮುಗಿಯುತ್ತಾರೆ. 'ಕುಡಿಯುವುದಿಲ್ಲ' ಅಂದರೆ ವಿಚಾರಣೆ! "ಯಾಕ್ರೀ, ಶುಗರಾ?" "ಮನ್ಯಾಗ ಬೈತಾರಾ?" "ಮಾಲೆ ಹಾಕೀರಾ?" ಒಬ್ಬರಂತೂ ಲಿವರ್ ಡಾಕ್ಟರ ವಿಳಾಸವನ್ನೇ ಕೊಟ್ಟರು. ಅದು ಬೇಕಾದದ್ದು ಯಾರಿಗೆ ಸ್ವಾಮಿ? ಎರಡು ವಾರ ಷಡ್ಡಕರು ಬರಿಗೈಲಿ ಕೂತರು. ಕ್ಲಾಸಿಗೆ ಹೆಡ್ ಮಾಸ್ತರು ಬಂದಂತೆ ಯಾರೂ ಬಾಯಿ ಬಿಡಲಿಲ್ಲ.

ಮೂರನೇ ವಾರ ಫ್ಲಾಸ್ಕು ಮತ್ತು ಸ್ಟೀಲ್ ಲೋಟದ ಸಮೇತ ಬಂದರು. "ನಂದು ಥಂಡಿ ಪ್ರಕೃತಿ. ಮನ್ಯಾಗ ರಮ್ಮು ಬಿಸಿನೀರಾಗ ಕಲಸ್ಕೊಂಡು ತಂದೀನಿ" ಅಂದರು. ಈಗ ಗೊತ್ತಾದಂತೆ, ಒಳಗಿದ್ದದ್ದು ಹೆಂಡತಿ ಕಡೆದುಕೊಟ್ಟ ಮಜ್ಜಿಗೆ! ಎರಡನೇ ಲೋಟಕ್ಕೆ ಮೇಜು ಗುದ್ದುವರು, ಮೂರನೆಯದಕ್ಕೆ ಇಂಗ್ಲಿಷ್ ಶುರು, ನಾಲ್ಕನೆಯದಕ್ಕೆ ನನ್ನನ್ನೇ "ನೀವು ಯಾರ್ರೀ?" ಅನ್ನುವರು. ಆಮೇಲೆ ನಮ್ಮನ್ನೆಲ್ಲ ತಮ್ಮ ವ್ಯಾನಿಗೆ ಹತ್ತಿಸಿ, ತಾವೇ ಓಡಿಸಿ ಸುರಕ್ಷಿತವಾಗಿ ಮನೆ ಮುಟ್ಟಿಸುವರು. "ಎಷ್ಟು ಹಾಕಿದ್ರೂ ಸ್ಟೆಡಿ!" ಎಂದು ನಾವು ಊರೆಲ್ಲ ಹಾಡಿ ಹೊಗಳಿದೆವು.

ಈ ಕೀರ್ತಿ ಹರಿಹರ ಮುಟ್ಟಿದ್ದೇ ಎಡವಟ್ಟಾಯಿತು. ಅವರ ಮಗಳು ಹರಿಹರದ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆ ಲಿಂಗಪೂಜೆ ಮಾಡದೆ ನೀರು ಕುಡಿಯದ ಹಿರಿಯರು. ಅವರು ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಗುಂಪಿನವನೊಬ್ಬನನ್ನು ವಿಚಾರಿಸಿದರು. ಈ ಪುಣ್ಯಾತ್ಮ ಸಹಾಯ ಮಾಡಲೆಂದೇ, "ಏ, ಭಾರಿ ಮನುಷ್ಯಾರೀ! ಕುಡಿದ್ರೆ ಅವರೇ ಕುಡೀಬೇಕು!" ಅಂದುಬಿಟ್ಟ. ಸಂಬಂಧ ಬ್ಯಾಡ ಎಂದು ಫೋನ್ ಬಂತು. ಮಗಳು ಊಟ ಬಿಟ್ಟಳು.

ಮುಂದಿನ ಭಾನುವಾರ ಷಡ್ಡಕರು ಆ ಹಿರಿಯರನ್ನು ಕಾಡಿ ಬೇಡಿ ತೋಟಕ್ಕೇ ಕರೆತಂದರು. ನಮ್ಮೆಲ್ಲರ ಎದುರು ಫ್ಲಾಸ್ಕು ಬಗ್ಗಿಸಿ, "ಕುಡೀರಿ ಯಜಮಾನ್ರೇ. ಹತ್ತು ವರ್ಷದಿಂದ ನಾನು ಕುಡಿದಿದ್ದು ಇದನ್ನ" ಅಂದರು. ಹಿರಿಯರು ಗುಟುಕರಿಸಿದರು, ಚಪ್ಪರಿಸಿದರು.

"ಇಂಗು ಸ್ವಲ್ಪ ಜಾಸ್ತಿ ಆಗೈತೆ."

ಮದುವೆ ನಿಶ್ಚಯವಾಯಿತು!

ನಮ್ಮ ಅಮಲು ಮಾತ್ರ ಜರ್ರನೆ ಇಳಿಯಿತು. "ಹಂಗಾರ... ನಾವು ಮಾತಾಡಿದ್ದೆಲ್ಲಾ ನಿಮಗ ನೆನಪೈತಾ?" ಒಬ್ಬ ತೊದಲಿದ. "ಐತೆ" ಅಂದರು ಷಡ್ಡಕರು. ಯಾರು ಸ್ವಂತ ತಮ್ಮನಿಗೆ ಮೋಸ ಮಾಡಿದ, ಯಾರು ಹೆಂಡತಿಗೆ ಹೆದರಿ ಮಂಚದಡಿ ಅಡಗಿದ, ಹತ್ತು ವರ್ಷದ್ದೂ! ಮರುವಾರದಿಂದ ಅವರನ್ನು ಯಾರೂ ಕರೆಯಲಿಲ್ಲ. ನಾನೂ ತಪ್ಪಿಸಿಕೊಂಡು ಓಡಾಡಿದೆ. ಕುಡಿದಾಗ ನಾನೂ ಒಮ್ಮೆ ಅವರ ಮುಂದೆ ಅತ್ತಿದ್ದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸಾಕಾಗಿ, ಏನೋ ನೆಪ ಹೇಳಿ ಮನೆಗೆ ಬಂದು ಮಲಗಿದ್ದೆ. ಅಪ್ಪ ಹೋದದ್ದು ಅವತ್ತೇ.

ತಿಂಗಳು ಕಳೆದ ಮೇಲೆ ತಡೆಯಲಾರದೆ ಅವರ ಮನೆಗೆ ಹೋದೆ. ಭಾನುವಾರ ಮಧ್ಯಾಹ್ನ ಒಬ್ಬರೇ ಕೂತು ಮದುವೆ ಕಾರ್ಡುಗಳಿಗೆ ಅರಿಶಿನ ಹಚ್ಚುತ್ತಿದ್ದರು. ಗುಂಪಿನ ಎಲ್ಲರ ಹೆಸರೂ ಬರೆದಾಗಿತ್ತು.

"ಅಣ್ಣಾ, ನಾನು ಹೇಳಿದ್ದೂ ನೆನಪೈತಾ?"

"ಐತೆ ತಮ್ಮಾ."

"ಮತ್ಯಾಕ ಒಂದಿನಾನೂ ಆ ಮಾತು ಎತ್ಲಿಲ್ಲ?"

"ನಾನು ಮರ್ತೀನಿ ಅನ್ಕೊಂಡ್ರೆ ನಿನಗ ಹಗುರಲ್ಲೇನು?"

ಆಗ ಹೊಳೆಯಿತು. ಪ್ರತಿ ವರ್ಷ ಅಪ್ಪನ ಪುಣ್ಯತಿಥಿಯ ದಿನ ಈ ಮನುಷ್ಯ ಕರೆಯದಿದ್ದರೂ ನಮ್ಮ ಮನೆಗೆ ಬಂದು, ಸಂಜೆಯವರೆಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಹೋಳಿಗೆ ಆಸೆಗೆ ಬರುತ್ತಾರೆ ಎಂದು ನಾನು ಹೆಂಡತಿಯ ಮುಂದೆ ನಗುತ್ತಿದ್ದೆ! ಅಪ್ಪನ ಆ ದಿನದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ, ಏನೂ ಕುಡಿಯದೆ. ಅವರು ಕಾರ್ಡುಗಳನ್ನು ಬದಿಗೆ ಸರಿಸಿ ಕೇಳಿದರು.