ನಾಲ್ಕು ಬೆರಳು ನೀರು

ಎರಡು ದೇಶಗಳು ಆರು ವರ್ಷ ಮುಖ ಗಂಟಿಕ್ಕಿಕೊಂಡು ಕೂತದ್ದು ನಾಲ್ಕು ಬೆರಳು ನೀರಿಗಾಗಿ ಎಂದರೆ ನೀವು ನಂಬಬೇಕು. ಸರೋವರ ಒಂದೇ, ದಡ ಎರಡು, ದಡಕ್ಕೊಂದು ದೇಶ. ಈಚೆ ದಡದ ಅಳತೆಕಂಬ ಯಾವಾಗ ನೋಡಿದರೂ ಆಚೆ ದಡದ ಕಂಬಕ್ಕಿಂತ ನಾಲ್ಕು ಬೆರಳು ಹೆಚ್ಚು ನೀರು ತೋರಿಸುತ್ತಿತ್ತು. "ನೀರು ಬೇಕಾದಷ್ಟಿದೆ, ಕಾಲುವೆ ತೆರೆಯೋಣ" ಎಂದು ಇವರು. "ಎಲ್ಲಿದೆ ನೀರು? ಮುಚ್ಚಿ" ಎಂದು ಅವರು. ಇಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಿದ್ದವನು ಈಚೆ ದಡದ ಅಳತೆಗಾರ.

ಅವನ ಕೆಲಸ ಇಷ್ಟೇ. ಬೆಳಗ್ಗೆ ಏಳಕ್ಕೆ ಕಂಬದ ಗೆರೆ ನೋಡಿ ಅಂಕಿ ಬರೆಯುವುದು, ಆಚೆ ದಡದ ಅಳತೆಗಾರನಿಗೆ ಫೋನ್ ಮಾಡಿ ಹೇಳುವುದು, ಅವನ ಅಂಕಿ ಕೇಳಿ ಹಣೆ ಚಚ್ಚಿಕೊಳ್ಳುವುದು. ಇಬ್ಬರೂ ಮುಖ ನೋಡಿದವರಲ್ಲ, ಆದರೂ ಒಬ್ಬರನ್ನೊಬ್ಬರು "ಬೀಗರೇ" ಎಂದೇ ಕರೆಯುತ್ತಿದ್ದರು. ಜಗಳ ಬಿಡುವ ಹಾಗಿಲ್ಲ, ಸಂಬಂಧ ಕಡಿಯುವ ಹಾಗೂ ಇಲ್ಲ. ಬೀಗತನಕ್ಕೆ ಇನ್ನೇನು ಬೇಕು?

ಅಳತೆಗಾರನ ಹೆಂಡತಿ, ಮಗಳು ದೂರದ ಪಟ್ಟಣದಲ್ಲಿದ್ದರು. ಜಗಳ ಮುಗಿದ ದಿನವೇ ದಡದಲ್ಲಿ ಯಂತ್ರ ಕೂರಿಸಿ ಅವನನ್ನು ಪಟ್ಟಣಕ್ಕೆ ವರ್ಗ ಮಾಡುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಹೋದ ವಾರ ಮನೆಗೆ ಫೋನ್ ಮಾಡಿದಾಗ ಐದು ವರ್ಷದ ಮಗಳು ರಿಸೀವರ್ ಎತ್ತಿ, "ಅಮ್ಮಾ, ಕೆರೆ ಮಾಮ ಫೋನ್ ಮಾಡಿದಾನೆ" ಎಂದು ಕೂಗಿದ್ದಳು. ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ.

ಆ ಜಗಳ ಮುಗಿಸಲೆಂದೇ ಇವತ್ತು ಈಚೆ ದಡಕ್ಕೆ ಜಂಟಿ ಆಯೋಗ ಬರುತ್ತಿತ್ತು. ಎರಡೂ ದೇಶದ ಸಾಹೇಬರು, ಜೊತೆಗೆ ಮೂರನೇ ದೇಶದ ಒಬ್ಬರು ಸರೋವರ ವಿಜ್ಞಾನಿ ಮೇಡಂ. ಹನ್ನೊಂದಕ್ಕೆ ಸರಿಯಾಗಿ ಎರಡೂ ದಡದಲ್ಲಿ ಒಟ್ಟಿಗೆ ಅಳತೆ, ಎಲ್ಲರೆದುರು ಘೋಷಣೆ. ನೆಂಟರು ಬರುತ್ತಾರೆಂದರೆ ಹೊಸಿಲು ತೊಳೆಯುವುದಿಲ್ಲವೇ? ಅಳತೆಗಾರ ಬೆಳಗ್ಗೆಯೇ ಬ್ರಷ್ಷು ಹಿಡಿದು ಕಂಬದ ಪಾಚಿ ತಿಕ್ಕಲು ನೀರಿಗಿಳಿದ.

ತಿಕ್ಕುತ್ತ ತಿಕ್ಕುತ್ತ ಕೈ ನಿಂತುಹೋಯಿತು. ಕಂಬದ ಬುಡದಲ್ಲೊಂದು ಕೆಂಪು ಪಟ್ಟಿ ಇದೆ. ಅದು ಅಡಿಗಲ್ಲಿನ ಮಟ್ಟಕ್ಕೆ ಸರಿಯಾಗಿರಬೇಕು. ಅದೀಗ ಕಲ್ಲಿನ ಸಂದಿಯೊಳಗೆ ನಾಲ್ಕು ಬೆರಳು ಕೆಳಗಿತ್ತು. ಅಂದರೆ ನೀರು ಹೆಚ್ಚಿರಲಿಲ್ಲ, ಕಂಬ ಕುಸಿದಿತ್ತು!

ಅಷ್ಟರಲ್ಲಿ ಟಣ್ ಟಣ್ ಎಂದು ಸದ್ದಾಯಿತು. ಪಕ್ಕದ ಮನೆಯ ದೋಣಿ ಬಡಗಿ ಕಟ್ಟೆಯ ಮೇಲೆ ನಿಂತು, ಕಂಬದ ಚಪ್ಪಟೆ ತಲೆಯ ಮೇಲೆ ಸೊಟ್ಟ ಮೊಳೆಯೊಂದನ್ನಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುತ್ತಿದ್ದ.

"ಅಯ್ಯೋ ಪುಣ್ಯಾತ್ಮ! ಏನ್ ಮಾಡ್ತಿದೀಯೋ?"

"ಮೊಳೆ ನೆಟ್ಟಗೆ ಮಾಡ್ತಿದೀನಿ. ದಿನಾ ಮಾಡ್ತೀನಲ್ಲ, ನೀನು ಆಫೀಸೊಳಗೆ ಹೋದ ಮೇಲೆ. ಏನ್ ಹೇಳು, ಇಷ್ಟು ಹದವಾದ ಎತ್ತರ ಬೇರೆಲ್ಲೂ ಸಿಗಲ್ಲ. ಒಂದಾರು ವರ್ಷದಿಂದ ಒಂಚೂರು ತಗ್ಗಾಗಿದೆ, ಬೆನ್ನು ನೋವು ಬರುತ್ತೆ."

ಅಳತೆಗಾರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆರು ವರ್ಷ, ಹದಿನಾಲ್ಕು ಸಭೆ, ಎರಡು ದೇಶದ ಮಂತ್ರಿಗಳ ಬೈಗುಳ, ಎಲ್ಲ ಈ ಮಹಾನುಭಾವನ ಮೊಳೆಯ ಪ್ರಸಾದ.

ಗಲಾಟೆ ಕೇಳಿ ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಕೊಡೆ ಹಿಡಿದುಕೊಂಡು ಬಂದರು. ಕರೆಯದಿದ್ದರೂ ಬರುವುದು ಅವರ ಸ್ವಭಾವ. ವಿಷಯ ಕೇಳಿ, "ಎತ್ತಿಬಿಡು. ನಾಲ್ಕು ಬೆರಳು ತಾನೇ? ಎತ್ತಿದ್ರೆ ಅಳತೆ ಸರಿ, ಜಗಳ ಮುಗೀತು, ನಿನ್ನ ವರ್ಗಾನೂ ಆಯ್ತು" ಎಂದರು.

"ಸಾಹೇಬ್ರಿಗೆ ಹೇಳ್ದೆ ಹೇಗೆ ಸಾರ್?"

"ಹೇಳು. ಆರು ವರ್ಷ ಕಂಬ ಕಾಯೋನಿಗೆ ಕಂಬ ಮುಳುಗಿದ್ದು ಗೊತ್ತಾಗ್ಲಿಲ್ವಾ ಅಂತ ಕೇಳ್ತಾರೆ. ಆಗ ಮನೆಗೇ ಕಳಿಸ್ತಾರೆ, ಕೆಲಸ ಬಿಡಿಸಿ."

ಆ ಮಾತು ಸರಿಯಾಗಿ ನಾಟಿತು. ಬಡಗಿ ದೋಣಿ ಎತ್ತುವ ಜಾಕಿ ತಂದ. ಆಮೇಲೆ ಯಾರ ಬೆರಳು ಎಂಬ ಪ್ರಶ್ನೆ ಬಂತು. ಬಡಗಿಯ ನಾಲ್ಕು ಬೆರಳು ಹೆಡ್‌ಮಾಸ್ಟರ ಆರು ಬೆರಳಿಗೆ ಸಮ. "ಕೆಂಪು ಪಟ್ಟಿ ಕಲ್ಲಿನ ಮಟ್ಟಕ್ಕೆ ಬಂದ್ರೆ ಸಾಕು ಕಣ್ರೋ!" ಎಂದು ಅಳತೆಗಾರ ಕೂಗಿಕೊಂಡ. ಬಡಗಿ ಉತ್ಸಾಹದಲ್ಲಿ ಜಾಕಿ ತಿರುಗಿಸಿದ. ಕಂಬ ಒಮ್ಮೆ ಗೊರಕೆ ಹೊಡೆದಂತೆ ಸದ್ದು ಮಾಡಿ, ಫಳಕ್ಕನೆ ಒಂದು ಮೊಳ ಮೇಲೆದ್ದು, ತಬ್ಬಿ ಹಿಡಿದಿದ್ದ ಅಳತೆಗಾರನನ್ನೂ ಕರೆದುಕೊಂಡು ನೀರಿಗೆ ಒರಗಿತು.

"ಬಂದ್ರು! ಕಾರು ಬಂತು!" ಎಂದು ಹೆಡ್‌ಮಾಸ್ಟರು ಕೊಡೆ ಬೀಸಿದರು.

ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಆನೆಯ ಬಲ ಬರುತ್ತದೆ. ಅಳತೆಗಾರ, ಬಡಗಿ ಇಬ್ಬರೂ ಸೇರಿ ಕಂಬ ನೆಟ್ಟಗೆ ಮಾಡಿ, ಪಟ್ಟಿಯನ್ನು ಕಲ್ಲಿನ ಮಟ್ಟಕ್ಕೆ ತಂದು, ಸಂದಿಗೆಲ್ಲ ಕಲ್ಲು ತುರುಕಿ, ಬಡಗಿಯ ಅಷ್ಟೂ ಮೊಳೆ ಬಡಿದು ಬಿಗಿ ಮಾಡಿದರು. ಸಾಹೇಬರು ಬಂದಾಗ ಅಳತೆಗಾರ ತಲೆಯಿಂದ ನೀರು ಸುರಿಸುತ್ತ ಸಲಾಮು ಹೊಡೆದ.

"ಏನಯ್ಯಾ ಇದು ಅವತಾರ?"

"ಹತ್ತಿರದಿಂದ ನೋಡಿದೆ ಸಾರ್, ತಪ್ಪಾಗಬಾರದು ಅಂತ."

ಮೇಡಂ ಮೆಚ್ಚಿ ತಲೆಯಾಡಿಸಿದರು. ಹನ್ನೊಂದು ಹೊಡೆಯಿತು. ಅಳತೆಗಾರ ಗಟ್ಟಿಯಾಗಿ ಅಂಕಿ ಹೇಳಿದ. ಅದು ನಿನ್ನೆ ಆಚೆ ದಡದವರು ಕೊಟ್ಟ ಅಂಕಿಯೇ. ಗೆದ್ದೆ ಎಂದುಕೊಂಡ, ಮನಸ್ಸಿನಲ್ಲೇ ಮಗಳನ್ನು ಎತ್ತಿಕೊಂಡ.

ಆಗ ಧ್ವನಿವರ್ಧಕದಲ್ಲಿ ಆಚೆ ದಡದ ಬೀಗರ ಅಂಕಿ ಬಂತು. ನಾಲ್ಕು ಬೆರಳು ಹೆಚ್ಚು!

ಎಲ್ಲರೂ ಮಿಕಮಿಕ ನೋಡಿದರು. "ನೀರು ಹೆಚ್ಚಿದೆ" ಎಂಬ ಭಾಷಣ ಬರೆದು ತಂದಿದ್ದ ಈಚೆ ಸಾಹೇಬರ ಕೈಯಲ್ಲಿ ಕಡಿಮೆ ಅಂಕಿ, "ನೀರು ಕಡಿಮೆ" ಎಂದು ಬರೆದು ತಂದಿದ್ದ ಆಚೆ ಸಾಹೇಬರ ಕೈಯಲ್ಲಿ ಹೆಚ್ಚು ಅಂಕಿ. ಇಬ್ಬರೂ ಕಾಗದ ಮಡಚಿ ಜೇಬಿಗಿಟ್ಟರು.

ಮೇಡಂ ಮಾತ್ರ ಕುರ್ಚಿಯಿಂದ ಜಿಗಿದೆದ್ದರು. "ಅದ್ಭುತ! ಸರೋವರ ವಾಲುತ್ತೆ! ತಟ್ಟೆಯಲ್ಲಿ ಚಹಾ ವಾಲೋ ಹಾಗೆ. ಗಾಳಿ ನೀರನ್ನ ಆರು ವರ್ಷ ಈ ದಡಕ್ಕೆ ತಳ್ಳಿತ್ತು, ಈಗ ಆ ದಡಕ್ಕೆ ತಳ್ಳಿದೆ. ನೀವಿಬ್ಬರೂ ಹೇಳಿದ್ದು ನಿಜ. ಯಾರೂ ಸುಳ್ಳುಗಾರರಲ್ಲ!"

ಯಾರೂ ಸುಳ್ಳುಗಾರರಲ್ಲ ಎಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಸಾಹೇಬರು ಸಾಹೇಬರನ್ನು ಅಪ್ಪಿಕೊಂಡರು. ಎರಡೂ ಅಂಕಿಯ ಸರಾಸರಿ ಹಿಡಿದು ಒಟ್ಟಿಗೆ ಕಾಲುವೆ ತೆರೆಯುವುದು, ಸರೋವರಕ್ಕೆ ಬರುವ ಹಳ್ಳ ಹೊಳೆಗಳನ್ನೆಲ್ಲ ಒಟ್ಟಿಗೆ ಕಾಯುವುದು, ಕೊಳಚೆ ಬಿಡುವವರನ್ನು ಒಟ್ಟಿಗೆ ಹಿಡಿಯುವುದು ಎಂದು ಅಲ್ಲೇ ಸಹಿ ಬಿತ್ತು. ಹದಿನಾಲ್ಕು ಸಭೆಯಲ್ಲಿ ಆಗದ್ದು ಹದಿನಾಲ್ಕು ನಿಮಿಷದಲ್ಲಿ ಆಯಿತು. ಎರಡೂ ದಡದಲ್ಲಿ ಜನ ಕುಣಿದರು. ಬೀದಿಯವರು ಅಳತೆಗಾರನನ್ನು ಹೆಗಲ ಮೇಲೆ ಹೊತ್ತರು. "ನನ್ನ ಮೊಳೆ ಇಲ್ದಿದ್ರೆ..." ಎಂದು ಶುರು ಮಾಡಿದ ಬಡಗಿಯ ಬಾಯಿಯನ್ನು ಹೆಡ್‌ಮಾಸ್ಟರು ಕೊಡೆಯಿಂದಲೇ ಮುಚ್ಚಿಸಿದರು.

"ಸಾರ್, ನನ್ನ ವರ್ಗ?" ಎಂದು ಅಳತೆಗಾರ ಹೆಗಲ ಮೇಲಿಂದಲೇ ಕೇಳಿದ.

"ಇನ್ನೆಲ್ಲಿಯ ವರ್ಗ ಮಾರಾಯಾ! ವಾಲೋ ಸರೋವರ ಯಂತ್ರಕ್ಕೆ ತಿಳಿಯಲ್ಲವಂತೆ. ಐದು ವರ್ಷ ಗಂಟೆಗೊಂದ್ಸಲ ಮನುಷ್ಯರೇ ನೋಡಬೇಕು, ಅದೂ ಅದೇ ಮನುಷ್ಯ, ಅದೇ ಕಣ್ಣು ಅಂತ ಒಪ್ಪಂದದಲ್ಲೇ ಬರೆಸಿದಾರೆ ಮೇಡಂ. ಎರಡು ದೇಶ ನಿನ್ನ ಕಣ್ಣಿನ ಮೇಲೆ ನಿಂತಿವೆ ಕಣಯ್ಯಾ!"

ಸಂಜೆ ಹೆಂಡತಿಯ ಫೋನ್ ಬಂತು. "ಟೀವೀಲಿ ನೋಡಿದ್ವಿ ರೀ. ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಎರಡು ದೇಶ ಒಂದಾದ್ವು. ನಾವು ಮೂರು ಜನ ಯಾವಾಗ ಒಂದಾಗೋದು?"

ಆದದ್ದಾಗಲಿ, ಕಂಬದ ನಿಜ ಹೇಳಿಬಿಡುತ್ತೇನೆ, ಆಚೆ ದಡದ ಲೆಕ್ಕ ಹೇಗೆ ತಪ್ಪಿತೋ ಅವರೇ ನೋಡಿಕೊಳ್ಳಲಿ ಎಂದು ಅಳತೆಗಾರ ಎದ್ದ. ಅಷ್ಟರಲ್ಲಿ ಮತ್ತೆ ಫೋನ್.

"ಬೀಗರೇ," ಆಚೆ ದಡದ ದನಿ ಪಿಸುಗುಟ್ಟಿತು, "ಯಾರಿಗೂ ಹೇಳಬೇಡಿ. ನನಗೂ ಹೆಂಡತಿ ಮಕ್ಕಳು ದೂರ. ಹೆಂಗಾದ್ರೂ ಅಳತೆ ಸರಿಹೋಗಿ ವರ್ಗ ಆಗಲಿ ಅಂತ ಬೆಳಗ್ಗೆ ನನ್ನ ಕಂಬಾನ ನಾಲ್ಕು ಬೆರಳು ಕೆಳಗೆ ಬಡಿದುಬಿಟ್ಟೆ. ನಿಮ್ಮದಕ್ಕೆ ಏನಾಯ್ತು?"

ಅಳತೆಗಾರ ಕಟ್ಟೆಯ ಮೇಲೆ ಕುಸಿದು ಕೂತ. "ನಾನು ಎತ್ತಿಬಿಟ್ಟೆ ಬೀಗರೇ."

ಆಚೆಯವನು, "ನನ್ನದನ್ನ ವಾಪಸ್ ಎತ್ತಲಾ?" ಎಂದ.

"ಮುಟ್ಟಿದ್ರೆ ನೋಡಿ!" ಅಳತೆಗಾರ ಗಾಬರಿಯಿಂದ ಎದ್ದು ನಿಂತ. "ಅಳತೆ ಒಂದಾದ್ರೆ ಸುಳ್ಳು ಹೇಳಿದ್ದು ಯಾರು ಅಂತ ಮತ್ತೆ ಜಗಳ ಶುರುವಾಗುತ್ತೆ!"

ಗಂಟೆ ಆರು ಹೊಡೆಯಿತು. ಬೀಗರಿಬ್ಬರೂ ಫೋನ್ ಕಿವಿಗೆ ಹಿಡಿದುಕೊಂಡೇ ತಮ್ಮ ತಮ್ಮ ಕಂಬದ ಕಡೆಗೆ ಹೊರಟರು.