ಕೆನ್ನೆಗೊತ್ತಿದ ಉಪ್ಪಿನ ಗಂಟು

ದವಡೆ ಹಲ್ಲು ನೋಯುವುದಕ್ಕೆ ಅದೇ ದಿನ ಬೇಕಿತ್ತೇ? ಮಿಡಿಗೇಶಿಯ ಓಬಳರಾಜು ಅಂದು ಮಧುಗಿರಿಯ ಶಾಲೆಯೊಂದರಲ್ಲಿ ವ್ಯಾನ್ ಡ್ರೈವರ್ ಕೆಲಸ ಕೇಳಲು ಹೊರಟಿದ್ದ. ವರ್ಷಗಟ್ಟಲೆ ಲಾರಿ ಓಡಿಸಿ, ಮಗಳ ಮುಖವನ್ನು ಹಬ್ಬಕ್ಕೊಮ್ಮೆ ಕಂಡವನು. ಈ ಕೆಲಸ ಸಿಕ್ಕರೆ ದಿನಾ ರಾತ್ರಿ ಮನೆಯಲ್ಲೇ ಊಟ. ಅವನಿಗೆ ಬೇಕಿದ್ದುದು ಅಷ್ಟೇ.

ಹೆಂಡತಿ ಗಂಗರತ್ನಮ್ಮ ಕಲ್ಲುಪ್ಪು ಹುರಿದು, ಹರಿದ ಕೊಡೆಯ ಕರೀ ಬಟ್ಟೆಯಲ್ಲಿ ಚಪ್ಪಟೆಯಾಗಿ ಕಟ್ಟಿ, ಕೆನ್ನೆಗೆ ಒತ್ತಿಕೊಳ್ಳಲು ಕೊಟ್ಟಳು. ಕರೆಯದಿದ್ದರೂ ಬರುವ ಪಕ್ಕದ ಮನೆಯ ಸಣ್ಣರಂಗಯ್ಯ ಬುದ್ಧಿ ಹೇಳಿದ.

“ಲೇ ಓಬಳಾ, ಮೊಬೈಲ್ ಮನೇಲೇ ಇಟ್ಟೋಗ್ಲಾ. ಫೋನ್ ಹಿಡಿಯೋ ಡ್ರೈವರ್‌ಗಳ್ನ ಕಂಡ್ರೆ ಸ್ಕೂಲ್ನೋರಿಗೆ ಆಗಕ್ಕಿಲ್ಲ ಕಣ್ಲಾ.”

ಅದೂ ನಿಜವೆನ್ನಿಸಿ ಓಬಳರಾಜು ಫೋನನ್ನು ಹೆಂಡತಿಯ ಕೈಗಿತ್ತು ಬಸ್ಸು ಹತ್ತಿದ.

ಮಧುಗಿರಿಯಲ್ಲಿ ಇಳಿಯುವ ಹೊತ್ತಿಗೆ ಉಪ್ಪು ಆರಿತ್ತು, ನೋವು ಆರಿರಲಿಲ್ಲ. ಗಂಟನ್ನು ಕಿವಿಯವರೆಗೂ ಒತ್ತಿಕೊಂಡು, “ಅಯ್ಯಪ್ಪಾ... ಹೂಂ... ಆಗಕ್ಕಿಲ್ಲಪ್ಪೋ” ಎಂದು ನರಳುತ್ತಾ ರಸ್ತೆಯ ಅಂಚಿಗೇ ನಡೆದ. ಹಿಂದಿನಿಂದ ಸ್ಕೂಟರೊಂದು ಬಂತು. ಸವಾರನ ಕತ್ತು ಉಳುಕಿದ ಕೋಳಿಯ ಹಾಗೆ ವಾಲಿತ್ತು; ಭುಜಕ್ಕೂ ಕಿವಿಗೂ ನಡುವೆ ಫೋನು.

“ಹಾ ಹೇಳಿ ಸಾರ್!” ಎನ್ನುತ್ತಲೇ ಗುದ್ದಿದ. ಓಬಳರಾಜು ಚರಂಡಿಗೆ ಬಿದ್ದ.

“ಫೋನಲ್ಲಿ ಮಾತಾಡ್ಕೊಂಡು ಅಡ್ಡ ಬತ್ತೀಯಲ್ಲ, ಕಣ್ಣಿಲ್ವೇನಯ್ಯ?” ಎಂದು ಬೈದ ಸವಾರ, “ಏನಿಲ್ಲ ಸಾರ್, ಯಾವನೋ ಬಿದ್ದ. ನೀವು ಹೇಳಿ” ಎನ್ನುತ್ತಾ ಹೊರಟೇಹೋದ.

ಜನ ಸೇರಿತು. ಕೈ ಕೊಡಲು ಯಾರ ಕೈಯೂ ಖಾಲಿ ಇರಲಿಲ್ಲ, ಎಲ್ಲರೂ ಮೊಬೈಲ್ ಹಿಡಿದಿದ್ದರು.

“ತಾಳ್ರೋ, ಈಗ್ಲೇ ಎತ್ತಬ್ಯಾಡ್ರಿ, ವಿಡಿಯೋ ಮುಗೀಲಿ,” ಎಂದ ಟೀ ಅಂಗಡಿಯ ದೊಡ್ಡರಂಗಪ್ಪ. “ರೋಡಲ್ಲಿ ಫೋನ್ ಹಿಡ್ಕೊಂಡು ನಡೆಯೋರ್ಗೆ ಬುದ್ಧಿ ಬರ್ಬೇಕು.”

“ಫೋನಲ್ಲ ಕಣಣ್ಣ, ಉಪ್ಪು!” ಓಬಳರಾಜು ಕೂಗಿದ. ಗಂಟು ನೋಡಿದರೆ ಕೆಸರಲ್ಲಿ ಮುಳುಗಿತ್ತು.

“ಪಾಪ, ಫೋನ್ ಹೋದ ಸಂಕಟಕ್ಕೆ ತಲೆ ಕೆಟ್ಟದೆ. ಉಪ್ಪು ಅಂತಾವ್ನೆ,” ಎಂದಳೊಬ್ಬಳು. ಇನ್ನೊಬ್ಬ ಕೋಲು ತಂದು ಚರಂಡಿಯಲ್ಲಿ ಫೋನು ಹುಡುಕತೊಡಗಿದ.

ನಲ್ಲಿಯಲ್ಲಿ ಮೈ ತೊಳೆದುಕೊಂಡು ಶಾಲೆ ಮುಟ್ಟುವಷ್ಟರಲ್ಲಿ ವಿಡಿಯೋ ಅವನಿಗಿಂತ ಮೊದಲೇ ಮುಟ್ಟಿತ್ತು. ಕಾರ್ಯದರ್ಶಿ ಪ್ರಭುದೇವ್ ಮೊಬೈಲ್ ತಿರುಗಿಸಿ ತೋರಿಸಿದರು.

“ಇದು ನೀವೇ ಅಲ್ವೇನ್ರೀ?”

“ನನ್ ಮಗಳಾಣೆಗೂ ಅದು ಫೋನಲ್ಲ ಸ್ವಾಮಿ!” ಓಬಳರಾಜು ಜೇಬು ಹೊರಗೆಳೆದು ತೋರಿಸಿದ, ಬಾಯಿ ತೆರೆದು ಊದಿದ ದವಡೆಯನ್ನೂ ತೋರಿಸಿದ. “ಗಾಡಿ ಓಡ್ಸುವಾಗ ಫೋನ್ ಮುಟ್ಟೋನೇ ಅಲ್ಲ ನಾನು. ಮನೇಲೇ ಇಟ್ಟು ಬಂದ್ಬುಟ್ಟೆ.”

“ನಂಬ್ತೀನಿ. ಬೆಳಗ್ಗೆ ನಿಮ್ ನಂಬರ್‌ಗೆ ಫೋನ್ ಮಾಡ್ದಾಗ ನಿಮ್ಮನೆಯೋರೇ ಎತ್ತಿದ್ರು.”

ಓಬಳರಾಜುವಿಗೆ ಹೋದ ಜೀವ ಬಂದಂತಾಯಿತು.

“ಅದೇ ತೊಂದ್ರೆ,” ಎಂದರು ಪ್ರಭುದೇವ್. “ವ್ಯಾನ್ ಎಲ್ಲಿದೆ, ಎಷ್ಟೊತ್ತಿಗೆ ಬರುತ್ತೆ ಅಂತ ಪೇರೆಂಟ್ಸ್ ಫೋನ್ ಮಾಡ್ತಾನೇ ಇರ್ತಾರೆ. ಡ್ರೈವರ್ ಎತ್ತದಿದ್ರೆ ನನ್ನ ಜೀವ ತಿಂತಾರೆ.”

“ಗಾಡಿ ನಿಲ್ಸಿ ಎತ್ತುತೀನಿ ಸ್ವಾಮಿ.”

“ನಿಲ್ಸ್ತಾ ಬಂದ್ರೆ ಪ್ರೇಯರ್‌ಗೆ ತಲುಪೋದು ಯಾವಾಗ? ಓಡಿಸ್ತಾನೇ ಎತ್ಬೇಕು.” ಅಷ್ಟರಲ್ಲಿ ಬಾಗಿಲಲ್ಲಿ ವಾಲಿದ ಕತ್ತೊಂದು ಕಾಣಿಸಿತು. ಪ್ರಭುದೇವ್ ಮುಖ ಅರಳಿತು. “ಬನ್ನಿ ಪ್ರಸನ್ನ ಕುಮಾರ್! ಡ್ರೈವರ್ ಅಂದ್ರೆ ಇವ್ರು ನೋಡ್ರಿ. ಪರೀಕ್ಷೆ ಮಾಡೋಣ ಅಂತ ಬೆಳಗ್ಗೆ ಫೋನ್ ಮಾಡ್ದೆ. ಸ್ಕೂಟರ್ ಮೇಲಿದ್ರು, ಯಾವನೋ ಅಡ್ಡ ಬಂದು ಬಿದ್ನಂತೆ. ಆದ್ರೂ ಕಾಲ್ ಕಟ್ ಮಾಡ್ಲಿಲ್ಲ!”

ಓಬಳರಾಜು ಆ ಕತ್ತನ್ನು ನೋಡಿದೊಡನೆ ಗುರುತು ಹಿಡಿದ. ಬಿದ್ದವನು ನಾನೇ ಎಂದು ಹೇಳಬಹುದಿತ್ತು, ಹೇಳಿ ಏನು ಬಂತು? ಪರೀಕ್ಷೆಯಲ್ಲಿ ತನ್ನ ಪಾಲಿನ ಕೆಲಸವನ್ನು, ಅಂದರೆ ಬೀಳುವುದನ್ನು, ಅವನೂ ಮಾಡಿ ಮುಗಿಸಿದ್ದ.

ಇನ್ನು ಮತ್ತೆ ಲಾರಿ, ಮತ್ತೆ ಹೋಟೆಲಿನ ಅನ್ನ. ಮಗಳಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಸಂಜೆ ಅವನು ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ. ತಿರುವಿನಲ್ಲಿ ಹಳದಿ ವ್ಯಾನ್ ಬಂತು. ಒಳಗೆ ತುಂಬಿದ ಮಕ್ಕಳು ಕೈ ಬೀಸುತ್ತಿದ್ದವು, ಮುಂದಿನ ಸೀಟಿನಲ್ಲಿ ಕತ್ತು ವಾಲಿತ್ತು.

ಈ ಸಲ ಯಾರೂ ಗುದ್ದಬೇಕಾಗಲಿಲ್ಲ. ಓಬಳರಾಜು ತಾನಾಗಿಯೇ ಚರಂಡಿಗೆ ಇಳಿದು ನಿಂತ.